ಕೂತು ಮಾಡುವ ಕೆಲಸ

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಳ ಎನ್ನುತ್ತಿದ್ದರು. ಬಟ್ಟೆ ಒಣಗಹಾಕುವ ಗಳದ ಹಾಗೆ ಉದ್ದ, ಸಪೂರ. ಅವಳ ಜೋಡಿಯವಳು ಗಿಡ್ಡ, ದಪ್ಪ. ನಿಂತರೆ ನೆಲಕ್ಕೆ ಹೊಡೆದ ಹಾಗೆ ನಿಲ್ಲುತ್ತಿದ್ದಳು. ಅವಳು ಗೂಟ. ಈ ಹೆಸರು ಇಟ್ಟದ್ದು ಯಾರು ಎಂದು ಯಾರಿಗೂ ನೆನಪಿಲ್ಲ. ಇಟ್ಟವರಿಗೆ ಬಾಯಿ ಚುರುಕಿತ್ತು, ಅಷ್ಟೇ.

ಆಸ್ಪತ್ರೆಗಳ, ಲಾಡ್ಜುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ರಕ್ತ, ಬೆವರು, ಚೆಲ್ಲಿದ ಚಹ ಎಲ್ಲ ದೊಡ್ಡ ಯಂತ್ರದೊಳಗೆ ಹೋಗಿ ಬೆಳ್ಳಗಾಗಿ ಹೊರಗೆ ಬೀಳುತ್ತಿತ್ತು. ಹಿಂಡಿದ ಮೇಲೂ ಬಟ್ಟೆ ಹಸಿಯಾಗಿಯೇ ಇರುತ್ತಿತ್ತು. ಒಂದಕ್ಕೊಂದು ಹೆಣೆದುಕೊಂಡು ಹಗ್ಗದ ಉಂಡೆಯ ಹಾಗೆ ತಳ್ಳುಗಾಡಿಯಲ್ಲಿ ಬರುತ್ತಿತ್ತು. ಆ ಉಂಡೆಯನ್ನು ಇಬ್ಬರು ಸೇರಿ ಎತ್ತಿ ಮೇಜಿಗೆ ಹಾಕಬೇಕು. ಬಿಡಿಸಬೇಕು. ಚಾದರದ ಒಂದು ಮೂಲೆ ಇವಳು, ಇನ್ನೊಂದು ಮೂಲೆ ಅವಳು ಹಿಡಿದು ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಆ ಕಡೆ ಬೇರೆ ಇಬ್ಬರು ಹಿಡಿದು ಮಡಿಸುತ್ತಾರೆ. ಬೆಳಗಿನಿಂದ ಸಂಜೆವರೆಗೆ ನಿಂತೇ ಮಾಡುವ ಕೆಲಸ.

ಒಬ್ಬರೇ ಎತ್ತಬಾರದು ಎಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು. ಕಾಳಜಿಯಿಂದ ಬರೆಸಿದ್ದಲ್ಲ. ಹಿಂದೊಮ್ಮೆ ಒಬ್ಬಳ ಬೆನ್ನು ಹೋಗಿ, ತಪಾಸಣೆಯವರು ಬಂದು, ಆಮೇಲೆ ಬರೆಸಿದ್ದು.

ರೋಲರು ತಿರುಗುವಾಗ ಪಕ್ಕದವರ ಮಾತು ಕಿವಿಗೆ ಬೀಳದು. ಅದಕ್ಕೆ ಅವರಿಬ್ಬರೂ ಚಾದರದಲ್ಲೇ ಮಾತಾಡುತ್ತಿದ್ದರು. ಒಂದು ಸಲ ಎಳೆದರೆ ಹಿಡಿದಿದ್ದೇನೆ, ಬಿಡು. ಎರಡು ಸಲ ಎಳೆದರೆ ನಿಲ್ಲಿಸು. ಮೆಲ್ಲಗೆ ನಡುಗಿಸಿದರೆ ಸೂಪರ್‌ವೈಸರ್ ಬರುತ್ತಿದ್ದಾನೆ, ತಿರುಗಿ ನೋಡಬೇಡ. ಹೀಗೆ ವರ್ಷಗಟ್ಟಲೆ ನಡೆದು, ಬಾಯಲ್ಲಿ ಆಡುವ ಮಾತು ಅವರ ನಡುವೆ ಕಡಿಮೆಯಾಗಿತ್ತು. ಕೈಗೆ ತಿಳಿದದ್ದನ್ನು ಬಾಯಿಗೆ ಯಾಕೆ ಕೊಡಬೇಕು ಎನ್ನುವ ಹಾಗೆ.

ಗಳದ ಗಂಡ ಅದೇ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಮೈಲಿಗೆ ಬಟ್ಟೆ ತಂದವನು ಅಂಗಳದಲ್ಲಿ ವ್ಯಾನು ನಿಲ್ಲಿಸಿದ. ಇಳಿಯಲಿಲ್ಲ. ಇಳಿಸುವವರು ಹಿಂದಿನ ಬಾಗಿಲು ತೆಗೆದು ಮೂಟೆಗಳನ್ನೆಲ್ಲ ಇಳಿಸಿ ಮುಗಿಸಿ, ಇವನೇನು ನಿದ್ದೆ ಹೊಡೀತಾನಲ್ಲ ಎಂದು ಬೈದು, ಆಮೇಲೆ ಮುಂದೆ ಹೋಗಿ ನೋಡಿದರು. ಎದೆ ನಿಂತು ಹೋಗಿತ್ತು. ಕೈ ಗೇರಿನ ಮೇಲೇ ಇತ್ತು. ಅವಳು ಗೋಡೆಯ ಈಚೆ ಚಾದರ ಹಿಡಿದುಕೊಂಡು ನಿಂತಿದ್ದಳು. ರೋಲರಿನ ಸದ್ದಿನಲ್ಲಿ ಹೊರಗಿನ ಕೂಗು ಕೇಳಲಿಲ್ಲ.

ಆಮೇಲೆ ವಾಂತಿ ಶುರುವಾಯಿತು. ದುಃಖಕ್ಕೂ ಹೊಟ್ಟೆ ತೊಳಸುತ್ತದೆ ಎಂದುಕೊಂಡಳು. ಊಟ ಬಿಟ್ಟಳು. ಬಿಟ್ಟರೂ ನಿಲ್ಲಲಿಲ್ಲ. ಆರೋಗ್ಯ ಕೇಂದ್ರಕ್ಕೆ ಹೋದಾಗ ಅಲ್ಲಿನ ನರ್ಸಮ್ಮ ಪರೀಕ್ಷೆ ಮಾಡಿ ನಕ್ಕಳು.

"ಸಿಹಿ ಸುದ್ದಿ ಕಣ್ರೀ. ಮುಂದಿನ ಸಲ ಯಜಮಾನರನ್ನೂ ಕರ್ಕೊಂಡು ಬನ್ನಿ. ಅವರಿಗೂ ನಾಲ್ಕು ಮಾತು ಹೇಳೋದಿದೆ."

"ಹೂಂ" ಎಂದಳು ಗಳ.

ಇನ್ನೇನು ಹೇಳುವುದು? ನರ್ಸಮ್ಮ ಖುಷಿಯಲ್ಲಿದ್ದಳು. ಮದುವೆಯಾಗಿ ಎಂಟು ವರ್ಷ ಆಗದ್ದು ಈಗ ಆಗಿದೆ ಎಂದು ಅವಳಿಗೆ ಗೊತ್ತಿಲ್ಲ. ಯಾರಿಗೆ ಮೊದಲು ಹೇಳಬೇಕೋ ಅವನು ಮಣ್ಣಿಗೆ ಹೋಗಿದ್ದಾನೆ ಎಂದೂ ಗೊತ್ತಿಲ್ಲ.

ಮುಂದಿನ ಸಲವೂ ಒಬ್ಬಳೇ ಹೋದಳು. ನರ್ಸಮ್ಮ ಬಾಗಿಲ ಕಡೆ ನೋಡಿದಳು.

"ಎಲ್ಲಿ, ಬರಲಿಲ್ವಾ ಸವಾರಿ?"

"ಇಲ್ಲ ಸಿಸ್ಟರ್."

"ಮಾಡೋಕೆ ಬೇಕು, ಬರೋಕೆ ಆಗಲ್ಲ. ಈ ಗಂಡಸರಿಗೇನು ರೋಗ ಬಂದಿದೆಯೋ! ನಾನು ಬೈದೆ ಅಂತ ಹೇಳಿ ಮನೇಲಿ."

"ಹೇಳ್ತೀನಿ."

ಹೊರಗೆ ಬಂದಾಗ ಅವಳ ಮನಸ್ಸು ಸ್ವಲ್ಪ ಹಗುರಾಗಿತ್ತು. ಎಲ್ಲ ಕಡೆ ಅವನು ಸತ್ತಿದ್ದ. ಮನೆಯಲ್ಲಿ, ಓಣಿಯಲ್ಲಿ, ಕಾರ್ಖಾನೆಯ ಅಂಗಳದಲ್ಲಿ. ಆ ಒಂದು ಕೋಣೆಯಲ್ಲಿ ಮಾತ್ರ ಇನ್ನೂ ಬದುಕಿದ್ದ. ಸೋಮಾರಿ, ಹೇಳಿದ ಮಾತು ಕೇಳದವನು, ಬೈಸಿಕೊಳ್ಳುವವನು. ಗಂಡ ಅಂದರೆ ಹಾಗೇ ತಾನೇ ಇರುತ್ತಾನೆ. ಅವಳು ತಪಾಸಣೆಯ ದಿನಕ್ಕೆ ಕಾಯತೊಡಗಿದಳು.

ಮಿಕ್ಕವರಿಗೆ ಯಾರಿಗೂ ಹೇಳಲಿಲ್ಲ. ಒಂದು, ಬಾಯಿ ಬಿಟ್ಟರೆ ಜನ ಬೆರಳು ಮಡಿಸಿ ತಿಂಗಳು ಎಣಿಸುತ್ತಾರೆ. ಗಂಡ ಸತ್ತವಳ ಬಸುರಿಗೆ ಊರೆಲ್ಲ ಲೆಕ್ಕಿಗರು. ಇನ್ನೊಂದು, ಅವಳಿಗೇ ಹೇಳಿಕೊಳ್ಳಲು ಬಾರದ್ದು. ಅವನಿಗೆ ಹೇಳದೆ ಬೇರೆಯವರಿಗೆ ಹೇಳಿದರೆ ಅವನನ್ನು ಬಿಟ್ಟು ಉಂಡ ಹಾಗೆ ಅನ್ನಿಸುತ್ತಿತ್ತು. ಉದ್ದ ಮೈ, ಹೊಟ್ಟೆ ಅಷ್ಟಾಗಿ ಕಾಣಲಿಲ್ಲ. ಕಾರ್ಖಾನೆಯ ನೀಲಿ ಅಂಗಿ ಅವಳಿಗೆ ಮೊದಲಿಂದಲೂ ಚೀಲದ ಹಾಗೆ ಜೋತು ಬೀಳುತ್ತಿತ್ತು.

ಆರನೇ ತಿಂಗಳಿಗೆ ಕಾಲು ಬಾತುಕೊಂಡಿತು. ಒಂದು ದಿನ ರಕ್ತದ ಕಲೆ ಕಂಡಿತು. ನರ್ಸಮ್ಮ ಈ ಸಲ ನಗಲಿಲ್ಲ.

"ಭಾರ ಎತ್ತೋದು ನಿಲ್ಲಿಸಿ. ನಿಂತು ಕೆಲಸ ಮಾಡೋದು ನಿಲ್ಲಿಸಿ. ಇಲ್ಲಾಂದ್ರೆ ಮಗು ನಿಲ್ಲಲ್ಲ. ಕೇಳಿಸ್ತಾ?"

"ಕೆಲಸ ಬಿಡೋಕಾಗಲ್ಲ ಸಿಸ್ಟರ್."

"ಬಿಡಿ ಅಂತ ಯಾರು ಹೇಳಿದ್ರು? ಬಸುರಿ ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ, ಕಾನೂನಿದೆ. ಕೂತು ಮಾಡೋ ಕೆಲಸ ಕೇಳಿ. ಕೇಳಿದ್ರೆ ಕೊಡಲೇಬೇಕು. ಆದ್ರೆ ಕೇಳ್ಬೇಕು. ಅತ್ತರೆ ತಾನೇ ಹಾಲು?"

ಅವಳು ಕೇಳಲಿಲ್ಲ. ನಾಳೆ ಕೇಳೋಣ ಎಂದುಕೊಂಡು ಹೋದಳು. ನಾಳೆ ಎನ್ನುವವನ ಮನೆ ಹಾಳು ಎನ್ನುತ್ತಾರೆ. ಅವಳ ಮನೆ ಆಗಲೇ ಹಾಳಾಗಿತ್ತು, ಇನ್ನು ಯಾರಿಗೆ ಹೆದರಬೇಕು?

ಆದರೆ ವಿಚಿತ್ರ ನೋಡಿ, ಕೆಲಸ ತಾನಾಗಿಯೇ ಹಗುರಾಗತೊಡಗಿತು. ತಳ್ಳುಗಾಡಿ ಬಂದ ಕೂಡಲೇ ಗೂಟ ಅವಳಿಗಿಂತ ಮೊದಲೇ ಬಗ್ಗಿ ಉಂಡೆಯನ್ನು ಅರ್ಧ ಮೇಜಿಗೆ ಎಳೆದುಬಿಟ್ಟಿರುತ್ತಿದ್ದಳು. ಕೆಳಗೆ ಬಿದ್ದದ್ದನ್ನು ಗೂಟವೇ ಎತ್ತುತ್ತಿದ್ದಳು. ಗಳದ ಪಕ್ಕದಲ್ಲಿ ಒಂದು ಖಾಲಿ ಡಬ್ಬ ಕವುಚಿ ಬಿದ್ದಿರುತ್ತಿತ್ತು. ಕಾಲಿಡಲು ಸರಿಯಾಗುವ ಎತ್ತರ. ಯಾರು ಇಟ್ಟರು ಎಂದು ಅವಳು ಕೇಳಲಿಲ್ಲ. ಈಚೆಗೆ ಗೂಟಕ್ಕೆ ಹುರುಪು ಬಂದಿದೆ ಎಂದುಕೊಂಡಳು. ಇವಳಿಗೆ ಗೊತ್ತಾಗಿಲ್ಲ ಎಂದು ಗಳ ತಿಳಿದಳು. ಇವಳಾಗಿಯೇ ಹೇಳಲಿ ಎಂದು ಗೂಟ ಕಾದಳು. ಚಾದರದ ಎರಡು ತುದಿಯಲ್ಲಿ ಇಬ್ಬರೂ ನಿಂತು, ನಡುವಿನದನ್ನು ಇಬ್ಬರೂ ನೋಡಿ, ಇಬ್ಬರೂ ಸುಮ್ಮನಿದ್ದರು. ಸದ್ದಿನಲ್ಲಿ ಬಾಳಿದವರು ಮಾಡುವ ತಪ್ಪು ಅದು. ಮಾತಿಲ್ಲದೆ ಎಲ್ಲ ನಡೆಯುತ್ತದೆ ಎಂದುಕೊಳ್ಳುವುದು.

ಒಂದು ದಿನ ಆಸ್ಪತ್ರೆಯ ದಪ್ಪ ಹೊದಿಕೆಗಳು ಬಂದವು. ನೀರು ಕುಡಿದು ಕಲ್ಲಾಗಿದ್ದವು. ಗಳ ಗಾಡಿಯ ಹತ್ತಿರ ಬರುವಷ್ಟರಲ್ಲಿ ಗೂಟ ಒಬ್ಬಳೇ ಬಗ್ಗಿ ಎತ್ತಿದಳು. ಅರ್ಧಕ್ಕೆ ಬಂದಿತ್ತು. ಗೂಟ ಹಾಗೆಯೇ ನಿಂತುಬಿಟ್ಟಳು. ಬಾಯಿ ತೆರೆದಿತ್ತು. ಏನೋ ಕೂಗಿದಳು, ಕೇಳಿಸಲಿಲ್ಲ. ಹೊದಿಕೆ ಕೈಯಿಂದ ಜಾರಿತು, ಅವಳೂ ಅದರ ಮೇಲೇ ಮಗ್ಗುಲಾದಳು.

ಯಂತ್ರ ನಿಲ್ಲಿಸಿದರು. ಸೂಪರ್‌ವೈಸರ್ ಓಡಿ ಬಂದ.

"ಒಬ್ಬಳೇ ಎತ್ತಿದ್ಯಾ? ಗೋಡೆ ಮೇಲೆ ಬರೆದಿರೋದು ಕಣ್ಣಿಗೆ ಕಾಣಲ್ವಾ? ನಿನ್ನ ಜೋಡಿ ಎಲ್ಲಿ ಸತ್ತಿದ್ಲು?"

ಗೂಟ ಹಲ್ಲು ಕಚ್ಚಿಕೊಂಡು ಹೇಳಿದಳು: "ಅವಳು ಇರಲಿಲ್ಲ. ನೀರು ಕುಡಿಯೋಕೆ ಹೋಗಿದ್ಲು. ನಾನೇ ಎತ್ತಿದೆ."

ಗಳ ಅಲ್ಲೇ ನಿಂತಿದ್ದಳು. ಗೂಟವನ್ನು ಹಲಗೆಯ ಮೇಲೆ ಮಲಗಿಸಿ ಹೊತ್ತೊಯ್ದರು.

ಮಾರನೇ ದಿನವೇ ತೀರ್ಪು ಬಂತು. ನಿಯಮ ಮೀರಿ ಒಬ್ಬಳೇ ಎತ್ತಿದ್ದಾಳೆ, ಅವಳ ಔಷಧಿ ಖರ್ಚಿಗೂ ರಜೆಗೂ ಕಾರ್ಖಾನೆ ಜವಾಬ್ದಾರಿಯಲ್ಲ. ಹೇಳದೆ ಜಾಗ ಬಿಟ್ಟುಹೋದದ್ದಕ್ಕೆ ಗಳಕ್ಕೆ ಎಚ್ಚರಿಕೆ. ಅವಳಿಗೆ ಹೊಸ ಜೋಡಿ ಕೊಟ್ಟರು. ಹೊಸಬಳು ಒಳ್ಳೆಯವಳೇ. ಆದರೆ ತನ್ನ ಪಾಲಿನ ಭಾರ ತಾನು ಎತ್ತುತ್ತಿದ್ದಳು, ಇವಳ ಪಾಲಿನದು ಇವಳಿಗೆ ಬಿಡುತ್ತಿದ್ದಳು. ನ್ಯಾಯವೇ. ಮೊದಲ ಉಂಡೆ ಎತ್ತಿದಾಗಲೇ ಗಳಕ್ಕೆ ಕೆಳಹೊಟ್ಟೆ ಹಿಡಿದು ಎಳೆದಂತಾಯಿತು. ಆಗ ಅವಳಿಗೆ ಅರ್ಥವಾಯಿತು, ಇಷ್ಟು ದಿನ ಎಷ್ಟು ಭಾರ ಯಾರ ಸೊಂಟದ ಮೇಲಿತ್ತು ಎಂದು.

ಸಂಜೆ ಗೂಟದ ಮನೆಗೆ ಹೋದಳು. ಗೂಟ ನೆಲದ ಮೇಲೆ ಅಂಗಾತ ಮಲಗಿದ್ದಳು. ಮಗ್ಗುಲಾಗಲೂ ಆಗುತ್ತಿರಲಿಲ್ಲ. ತಲೆಯ ಹತ್ತಿರ ಮುಲಾಮಿನ ವಾಸನೆ.

"ಬಂದ್ಯಾ? ಬಾಗಿಲು ಎತ್ತರ ಸಾಲ್ತಾ ನಿನಗೆ?" ಎಂದಳು. ಹಾಸ್ಯವೇ. ದನಿಯಲ್ಲಿ ನಗು ಇರಲಿಲ್ಲ.

"ಅಕ್ಕ, ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲೇ. ಚಾದರ ಎಳೆಯೋದು ಬೇರೆ ಥರ ಆಯ್ತು. ಮೈ ಹಿಂದಕ್ಕೆ ಹಿಡ್ಕೊಂಡು ಎಳೀತಿದ್ದೆ. ನಾನೂ ಮೂರು ಹೆತ್ತಿದ್ದೀನಿ ಕಣೇ, ಕಲ್ಲಲ್ಲ."

"ಹೇಳಬಹುದಿತ್ತಲ್ಲ."

"ನಾನಾ? ಹೊಟ್ಟೆ ನಿಂದು, ಬಾಯಿ ನಂದಾ? ನಿನ್ನ ಬಾಯಿಗೇನು ಹೊಲಿಗೆ ಹಾಕಿದ್ರಾ?"

ಗಳ ಗೋಡೆಗೆ ಒರಗಿ ಕೂತಳು. ಕಾಲು ನೀಡುತ್ತಾ ಹೇಳಿದಳು: "ಅವರಿಗೆ ಹೇಳೋಕೆ ಆಗಲಿಲ್ಲ ಅಕ್ಕ. ಅವರಿಗಿಂತ ಮುಂಚೆ ಇನ್ನೊಬ್ಬರಿಗೆ ಹೇಗೆ ಹೇಳ್ಲಿ ಅಂತ."

ಗೂಟ ಮೇಲಿನ ಮಾಡನ್ನು ನೋಡುತ್ತಾ ಮಲಗಿದ್ದಳು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಸತ್ತವನಿಗೆ ಹೇಳೋದು ತಡ ಆದ್ರೂ ನಡೆಯುತ್ತೆ" ಎಂದಳು. "ಬದುಕಿರೋಳ ಸೊಂಟ ಕಾಯಲ್ಲ. ಹೋಗು. ನಂಗೆ ನಿನ್ನ ಮುಖ ನೋಡಿದ್ರೆ ಸಿಟ್ಟು ಬರ್ತಿದೆ."

ಗಳ ಎದ್ದು ಬಂದಳು. ಮನೆಯಲ್ಲಿ ಅನ್ನಕ್ಕಿಟ್ಟಳು. ಇಬ್ಬರ ಅಳತೆಗೇ ಅಕ್ಕಿ ಹಾಕಿದ್ದಳು. ಅಷ್ಟು ತಿಂಗಳಾದರೂ ಕೈ ಕಲಿತಿರಲಿಲ್ಲ.

ಬೆಳಗ್ಗೆ ರೋಲರಿನ ಹತ್ತಿರ ಹೋಗಲಿಲ್ಲ. ನೇರ ಆಫೀಸಿಗೆ ಹೋದಳು. ಅಲ್ಲಿ ಕಾರ್ಖಾನೆ ನಡೆಸುವ ಮೇಡಂ ಕೂತಿದ್ದರು. ಎದುರು ಸೂಪರ್‌ವೈಸರ್ ಚಹ ಕುಡಿಯುತ್ತಾ ನಿಂತಿದ್ದ.

"ಮೇಡಂ, ನಾನು ಬಸುರಿ" ಎಂದಳು ಗಳ. "ನಾನು ನೀರು ಕುಡಿಯೋಕೆ ಹೋಗಿರಲಿಲ್ಲ. ಅಲ್ಲೇ ಇದ್ದೆ. ನಂಗೆ ಎತ್ತೋಕಾಗಲ್ಲ ಅಂತ ಅಕ್ಕ ಎತ್ತಿದ್ಲು. ಅವಳ ಖರ್ಚು ನೀವು ಕೊಡ್ಬೇಕು. ನನಗೆ ಕೂತು ಮಾಡೋ ಕೆಲಸ ಕೊಡ್ಬೇಕು."

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ನಿಲ್ಲಿಸಿದರೆ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸೂಪರ್‌ವೈಸರ್ ಲೋಟ ಕೆಳಗಿಟ್ಟ. ಅವನ ಕಣ್ಣು ಮೊದಲು ಹೊಟ್ಟೆಗೆ ಹೋಯಿತು, ಆಮೇಲೆ ಕಿಟಕಿಯಾಚೆ ವ್ಯಾನು ನಿಲ್ಲುವ ಜಾಗಕ್ಕೆ. ಬೆರಳು ಮಡಚತೊಡಗಿದ.

"ಎಣಿಸಿ ಅಣ್ಣ" ಎಂದಳು ಗಳ. "ಸರಿಯಾಗಿಯೇ ಬರುತ್ತೆ. ಗಟ್ಟಿಯಾಗಿ ಎಣಿಸಿ, ಎಲ್ಲರಿಗೂ ಕೇಳಲಿ."

ಅವನು ಕೈಯನ್ನು ಜೇಬಿಗೆ ಹಾಕಿಕೊಂಡ.

ಮೇಡಂ ಕೆಟ್ಟವರಲ್ಲ. "ಇಂಥ ಹೊತ್ತಲ್ಲಿ ಯಾಕಮ್ಮ ಕಷ್ಟಪಡ್ತೀಯಾ?" ಎಂದರು. "ಮನೆಗೆ ಹೋಗಿ ಆರಾಮಾಗಿ ಇರು. ಹೆರಿಗೆ ಆಗಲಿ. ಆಮೇಲೆ ಬಾ, ಜಾಗ ಇದ್ರೆ ನೋಡೋಣ."

"ಮನೇಲಿ ಯಾರಿದ್ದಾರೆ ಮೇಡಂ?"

ಮೇಡಂ ಮೇಜಿನ ಮೇಲಿದ್ದ ಕಾಗದಗಳನ್ನು ಒಟ್ಟುಮಾಡಿದರು.

"ಆರಾಮ ಬೇಡ" ಎಂದಳು ಗಳ. "ಕೆಲಸ ಬೇಕು. ತೆಗೆಯೋ ಹಾಗಿಲ್ಲ ಅಂತ ಕಾನೂನಿದೆಯಂತೆ. ನನಗೆ ಓದೋಕೆ ಬರಲ್ಲ, ನೀವು ಓದಿ ನೋಡಿ."

"ಡಾಕ್ಟರ್ ಚೀಟಿ ಬೇಕಾಗುತ್ತೆ" ಎಂದರು ಮೇಡಂ ಕೊನೆಗೆ.

ಚೀಟಿಗೆ ಆರೋಗ್ಯ ಕೇಂದ್ರಕ್ಕೆ ಹೋದಳು. ನರ್ಸಮ್ಮ ಖುಷಿಯಿಂದ ತೋಳೇರಿಸಿ ಚೀಟಿ ಬರೆಯತೊಡಗಿದಳು. "ಭೇಷ್! ಕೇಳಿದ್ರಾ? ಬಾಯಿ ಇದ್ರೆ ಬರಗಾಲದಲ್ಲೂ ಬದುಕಬಹುದು. ಡಾಕ್ಟರ್ ಹತ್ರ ಈಗಲೇ ಸಹಿ ಹಾಕಿಸ್ತೀನಿ. ಕಾರ್ಖಾನೆಯವರು ಮತ್ತೆ ತಕರಾರು ತೆಗೆದ್ರೆ ನೀವು ಹೋಗ್ಬೇಡಿ. ನಿಮ್ಮ ಯಜಮಾನರನ್ನ ಕಳ್ಸಿ. ಅದಕ್ಕಾದ್ರೂ ಉಪಯೋಗಕ್ಕೆ ಬರಲಿ ಆ ಮಹಾರಾಯ."

ಗಳ ಹೂಂ ಎನ್ನಬಹುದಿತ್ತು. ಎನ್ನಲು ಬಾಯಿ ತೆರೆದಳು. ಆದರೆ ಬೆಳಗ್ಗೆಯಿಂದ ನಿಜ ಹೇಳಿ ಹೇಳಿ ಬಾಯಿಗೆ ಅದೇ ರೂಢಿಯಾಗಿತ್ತು.

"ಅವರು ತೀರಿಕೊಂಡಿದ್ದಾರೆ ಸಿಸ್ಟರ್."

ಬರೆಯುವ ಕೈ ನಿಂತಿತು. "ಅಯ್ಯೋ. ಯಾವಾಗ?"

"ನಾನು ನಿಮ್ಮ ಹತ್ರ ಮೊದಲ ಸಲ ಬರೋಕ್ಕೂ ಮುಂಚೆ."

ನರ್ಸಮ್ಮನ ಮುಖ ಸುಟ್ಟ ಹಾಗಾಯಿತು. "ನಾನು ಅಷ್ಟೊಂದು ಬೈದೆನಲ್ರೀ... ಒಂದು ಮಾತು ಹೇಳಬಾರದಿತ್ತಾ?"

"ಬೈಯ್ತಿದ್ರಲ್ಲ, ಚೆನ್ನಾಗಿತ್ತು" ಎಂದಳು ಗಳ.

ನರ್ಸಮ್ಮ ಎದ್ದು ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಗಳ ಅಳಲಿಲ್ಲ. ಆ ಕೋಣೆಯಲ್ಲೂ ಅವನು ಹೋಗಿಬಿಟ್ಟ ಎಂದು ಯೋಚಿಸುತ್ತಿದ್ದಳು. ಇನ್ನು ಅವನು ಬದುಕಿರುವ ಜಾಗ ಎಲ್ಲೂ ಉಳಿಯಲಿಲ್ಲ.

ಅತ್ತೆಗೂ ಫೋನು ಮಾಡಿ ಹೇಳಿದಳು. ಅತ್ತೆ ದೊಡ್ಡ ಮಗನ ಮನೆಯಲ್ಲಿದ್ದರು. ಅತ್ತರು, ಆಮೇಲೆ, "ಅವನೇ ಬರ್ತಿದ್ದಾನೆ ಕಣೇ, ಅವನೇ ಹುಟ್ಟಿ ಬರ್ತಿದ್ದಾನೆ" ಎಂದರು. ಗಳಕ್ಕೆ ಆ ಮಾತು ಹಿಡಿಸಲಿಲ್ಲ. ಬರುವುದು ಬೇರೆ ಯಾರೋ. ಅವನು ಬರುವುದಿಲ್ಲ. ಮುದುಕಿಯ ಹತ್ತಿರ ವಾದ ಯಾಕೆ ಎಂದು, "ಊಟ ಆಯ್ತಾ ಅತ್ತೆ?" ಎಂದಳು.

ಚೀಟಿ ಕೊಟ್ಟ ಮೇಲೆ ಎರಡೂ ಆಯಿತು. ಮತ್ತೆ ತಪಾಸಣೆಯವರು ಬಂದಾರು ಎಂಬ ಹೆದರಿಕೆಗೆ ಗೂಟದ ಖರ್ಚನ್ನು ಕಾರ್ಖಾನೆ ಒಪ್ಪಿಕೊಂಡಿತು. ಗಳಕ್ಕೆ ಹೊಲಿಗೆ ಕೋಣೆ ಕೊಟ್ಟರು. ಹರಿದ ಚಾದರಗಳಿಗೆ ತೇಪೆ ಹಾಕುವ ಕೋಣೆ. ಹಿಂದೆ ಒಬ್ಬ ಮುದುಕ ಇದ್ದ, ಅವನು ಬಿಟ್ಟ ಮೇಲೆ ಬೀಗ ಹಾಕಿದ್ದರು. ಓಣಿಯಂಥ ದಾರಿಯ ಕೊನೆಗೆ, ಗೋದಾಮಿನ ಹಿಂದೆ. ಒಂದು ಸ್ಟೂಲು, ಒಂದು ಬಲ್ಬು, ಸೂಜಿ, ದಾರ, ಮಾಡಿನ ತನಕ ಹರಕು ಬಟ್ಟೆ. ಕಿಟಕಿ ಇತ್ತು, ಅದರಾಚೆ ಗೋಡೆ.

ಕಾಲಿನ ಬಾವು ಇಳಿಯಿತು. ರಕ್ತ ಮತ್ತೆ ಕಾಣಲಿಲ್ಲ. ಮಗು ಜೋರಾಗಿ ಒದೆಯತೊಡಗಿತು. ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೆ ಬೆಳಗ್ಗೆ ಬೀಗ ತೆಗೆದು ಕೂತರೆ ಸಂಜೆ ಬೀಗ ಹಾಕುವ ತನಕ ಒಂದು ಮನುಷ್ಯ ಜೀವ ಆ ಕಡೆ ಸುಳಿಯುತ್ತಿರಲಿಲ್ಲ. ಮನೆಯಲ್ಲೂ ಅದೇ, ಇಲ್ಲೂ ಅದೇ. ಒಂದು ದಿನ ಕೆಮ್ಮಿದಳು. ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಮಾತಾಡಿ ಎಷ್ಟು ಹೊತ್ತಾಗಿತ್ತೋ. ಒಬ್ಬಳೇ ಚಾದರ ಮಡಿಸುವುದು ಅವಳಿಗೆ ಬರುತ್ತಿರಲಿಲ್ಲ. ಗದ್ದಕ್ಕೆ ಒಂದು ತುದಿ ಒತ್ತಿ ಹಿಡಿದು ಮಡಿಸಿದರೆ ಸೊಟ್ಟಗಾಗುತ್ತಿತ್ತು.

ಗೂಟ ಕೆಲಸಕ್ಕೆ ಮರಳಿದಳು ಎಂದು ಕೇಳಿದಳು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ರೋಲರಿನ ಆ ಕಡೆ ಮಡಿಸುವ ಕೆಲಸಕ್ಕೆ. ಹೊಲಿಗೆ ಕೋಣೆಗೆ ಬರಲಿಲ್ಲ. ಗೇಟಿನಲ್ಲಿ ಎದುರಾದರೂ ನಿಲ್ಲಲಿಲ್ಲ.

ಅದಾದ ಮಾರನೇ ದಿನ ಗಳ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಒಳಗೆ ಹೋಗಲಿಲ್ಲ. ಸ್ಟೂಲನ್ನು ಕಾಲಿನಿಂದ ಹೊರಗೆ ಎಳೆದಳು. ಎತ್ತಲಿಲ್ಲ. ತಳ್ಳುತ್ತಾ ತಳ್ಳುತ್ತಾ ಓಣಿಯುದ್ದಕ್ಕೂ ತಂದು ರೋಲರಿನ ಹಾಲ್‌ನ ಬಾಗಿಲ ಬಳಿ ನಿಲ್ಲಿಸಿದಳು. ಹರಕು ಚಾದರ ನಾಲ್ಕು ತಂದಳು. ಸೂಜಿಗೆ ದಾರ ಪೋಣಿಸಿ ಕೂತಳು. ಬಿಸಿ ಗಾಳಿ, ಸೋಪಿನ ಹಬೆ, ಆ ಹಾಳು ಸದ್ದು ಎಲ್ಲ ಒಟ್ಟಿಗೇ ಮುಖಕ್ಕೆ ಬಡಿಯಿತು.

ಸೂಪರ್‌ವೈಸರ್ ಬಂದು ಅವಳ ಕಿವಿಯ ಹತ್ತಿರ ಬಗ್ಗಿ ಕೂಗಿದ: "ಏನಮ್ಮ ಇದು? ನಿನಗೆ ಕೊಟ್ಟ ಜಾಗ ಅದು!"

"ಕೆಲಸ ಅದೇ ಅಲ್ವಾ ಅಣ್ಣ!"

"ಕೂತು ಮಾಡ್ತೀನಿ ಅಂದೆ, ಕೂರಿಸಿದ್ವಿ. ಇನ್ನೇನು ಬೇಕು?"

"ಚೀಟಿಯಲ್ಲಿ ಕೂರಿಸಿ ಅಂತ ಬರೆದಿದೆ. ಒಬ್ಬಳನ್ನೇ ಕೂಡಿಹಾಕಿ ಅಂತ ಬರೆದಿಲ್ಲ!"

ಅವನು ಅವಳನ್ನು ನೋಡಿದ. ಹೊಟ್ಟೆಯನ್ನು ನೋಡಿದ. ಮಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ತನ್ನನ್ನೇ ನೋಡುತ್ತಿರುವುದನ್ನೂ ನೋಡಿದ. "ದಾರಿಗೆ ಅಡ್ಡ ಆಗಬೇಡ" ಎಂದು ಹೇಳಿ ಹೋದ.

ಗೂಟ ಮಡಿಸುವ ಮೇಜಿನ ಹತ್ತಿರ ಇದ್ದಳು. ಅವಳು ಮಾತ್ರ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಡಿಸಿದ ಬಟ್ಟೆಯ ಗಾಡಿ ತುಂಬಿತು. ಅದನ್ನು ಬಾಗಿಲಿನಿಂದ ಆಚೆ ಒಯ್ಯಬೇಕು. ಗೂಟ ಗಾಡಿ ತಳ್ಳಿಕೊಂಡು ಬಂದಳು. ಸ್ಟೂಲು ದಾರಿಗೆ ಅಡ್ಡವಾಗಿಯೇ ಇತ್ತು. ಗಳ ಏಳಲು ಹೋದಳು.

ಗೂಟ ಬೇಡ ಎಂದು ತಲೆಯಾಡಿಸಲಿಲ್ಲ, ಮುಖವನ್ನೂ ನೋಡಲಿಲ್ಲ. ಸೊಂಟದ ಪಟ್ಟಿಯ ಮೇಲೆ ಒಂದು ಕೈಯಿಟ್ಟು ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದಳು. ಅದರ ಮೂತಿ ತಿರುಗಿಸಿ, ಇಡೀ ಹಾಲ್ ಸುತ್ತಿ, ದೂರದ ಇನ್ನೊಂದು ಬಾಗಿಲಿನಿಂದ ಆಚೆ ಹೋದಳು.

ಏಳಬೇಕಾಗಲಿಲ್ಲ. ಗಳ ಸೂಜಿಯನ್ನು ಬಟ್ಟೆಗೆ ಇಳಿಸಿದಳು. ಹರಕು ದೊಡ್ಡದಿತ್ತು.